ಗಾಳಿಗೊಂದು ಗ್ರ್ಯಾಂಟು

ನಮ್ಮ ದೇಶದಲ್ಲಿ ಸೌದೆ ಒಲೆಯ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಲು ಒಂದೇ ಅರ್ಹತೆ ಸಾಕು. ಮಾತಾಡುವವರು ಆ ಒಲೆಯ ಮುಂದೆ ಒಂದು ಹೊತ್ತೂ ಕುಕ್ಕರುಗಾಲಲ್ಲಿ ಕೂತಿರಬಾರದು. ಕೂತವರಿಗೆ ಕಣ್ಣಲ್ಲಿ ನೀರು ಬರುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡವರಿಗೆ ಪರದೆಯ ಮೇಲಿನ ಗ್ರಾಫು ಕಾಣುವುದಿಲ್ಲ. ಆದ್ದರಿಂದ ಒಲೆಗೆ ಎಷ್ಟು ಗಾಳಿ ಬಿಡಬೇಕು, ಎತ್ತ ಕಡೆಯಿಂದ ಬಿಡಬೇಕು, ಉರಿಯನ್ನು ಯಾವಾಗ ಏರಿಸಬೇಕು, ಯಾವಾಗ ತಗ್ಗಿಸಬೇಕು ಎಂಬ ಘನಗಂಭೀರ ಪ್ರಶ್ನೆಗಳನ್ನೆಲ್ಲ ಸ್ವಾತಂತ್ರ್ಯ ಬಂದಾಗಿನಿಂದ ಕ್ಯಾಂಟೀನಿನ ಕಾಫಿ ಕುಡಿಯುವವರೇ ಬಗೆಹರಿಸುತ್ತ ಬಂದಿದ್ದಾರೆ. ಒಲೆಯ ಮುಂದೆ ಕೂತ ಹೆಂಗಸಿಗೆ ವರದಿಗಳಲ್ಲಿ ಜಾಗ ಕೊಟ್ಟಿಲ್ಲ ಎಂದು ಯಾರೂ ದೂರುವಂತಿಲ್ಲ. ಒಲೆ ಚೆನ್ನಾಗಿ ಉರಿದರೆ ಆಕೆ ‘ಫಲಾನುಭವಿ’. ಉರಿಯದಿದ್ದರೆ ‘ಅರಿವಿನ ಕೊರತೆ’.

ಅರಿವು ಎಲ್ಲಿದೆ, ಕೊರತೆ ಎಲ್ಲಿದೆ ಎಂದು ನೋಡುವ ಮೊದಲು ಒಂದಿಷ್ಟು ವಿಜ್ಞಾನ ತಿಳಿದಿರಲಿ. ವಿಷಯ ಗೊತ್ತಿಲ್ಲದೆ ನಗುವುದು ವಿಧಾನಸಭೆಗೆ ಮಾತ್ರ ಒಪ್ಪುತ್ತದೆ. ಉರಿಯುವುದು ಸೌದೆ ಅಂದುಕೊಂಡಿದ್ದೇವೆ. ಜ್ವಾಲೆಯಾಗಿ ಉರಿಯುವುದು ಕಾದ ಸೌದೆ ಉಗುಳುವ ಅನಿಲ. ಒಣಗಿದ ಸೌದೆಯ ತೂಕದಲ್ಲಿ ಮುಕ್ಕಾಲಿಗೂ ಹೆಚ್ಚು ಪಾಲು ಹೀಗೆ ಅನಿಲವಾಗಿ ಹೊರಡುತ್ತದೆ. ಉಳಿದದ್ದು ಕೆಂಡ, ಅದೂ ಮುಗಿದ ಮೇಲೆ ಬೂದಿ. ಕೆಂಡಕ್ಕೆ ಕೆಳಗಿನಿಂದ ಗಾಳಿ ಬೇಕು, ಅನಿಲಕ್ಕೆ ಮೇಲುಗಡೆ ಗಾಳಿ ಬೇಕು. ಒಂದು ಕೆಜಿ ಒಣ ಸೌದೆ ಪೂರ್ತಿ ಉರಿಯಲು ಸುಮಾರು ಆರು ಕೆಜಿ ಗಾಳಿ ಬೇಕಾಗುತ್ತದೆ. ತಕ್ಕಡಿಯಲ್ಲಿ ಸೌದೆ ತೂಗಿ ಕಾಸು ಕೊಡುವ ನಾವು ಅದರ ಆರು ಪಟ್ಟು ಸರಕನ್ನು ಬಿಟ್ಟಿಯಾಗಿ ಪಡೆಯುತ್ತಿದ್ದೇವೆ ಎಂಬ ಸಂಗತಿ ಜಿಎಸ್‌ಟಿ ಮಂಡಳಿಯ ಗಮನಕ್ಕೆ ಇನ್ನೂ ಬಂದಂತಿಲ್ಲ; ದಯವಿಟ್ಟು ಯಾರೂ ಹೇಳಬೇಡಿ.

ಗಾಳಿ ಕಡಿಮೆಯಾದರೆ ಅನಿಲ ಅರ್ಧಂಬರ್ಧ ಉರಿದು ಹೊಗೆಯಾಗುತ್ತದೆ, ಮಸಿಯಾಗುತ್ತದೆ, ಜೊತೆಗೆ ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಚಳಿಗಾಲದಲ್ಲಿ ಕಿಟಕಿ ಬಾಗಿಲು ಭದ್ರಪಡಿಸಿ ಅಗ್ಗಿಷ್ಟಿಕೆ ಇಟ್ಟುಕೊಂಡು ಮಲಗಿದವರು ಬೆಳಗ್ಗೆ ಏಳಲಿಲ್ಲ ಎಂದು ಪತ್ರಿಕೆಯ ಮೂಲೆಯಲ್ಲಿ ಬರುವ ಸುದ್ದಿಯ ಹಿಂದೆ ಇರುವುದು ಇದೇ. ಗಾಳಿ ಹೆಚ್ಚಾದರೆ ಶಾಖ ಪಾತ್ರೆಯ ತಳಕ್ಕೆ ನಮಸ್ಕಾರವನ್ನೂ ಹೇಳದೆ ಪಕ್ಕದಿಂದ ಹಾರಿಹೋಗುತ್ತದೆ. ಹೊಗೆ ಹೋಗಲೆಂದು ಕೊಳವೆ ಇಟ್ಟಿರೋ, ಅದು ಹೊಗೆಯ ಜೊತೆ ಹೊಸ ಗಾಳಿಯನ್ನೂ ಎಳೆಯುತ್ತದೆ. ಎತ್ತರವಾದಷ್ಟೂ ಬಿಸಿಯಾದಷ್ಟೂ ಹೆಚ್ಚು ಎಳೆಯುತ್ತದೆ, ಹಾಗಾಗಿ ಸೌದೆ ಬೇಗ ಮುಗಿಯುತ್ತದೆ. ಆಗ ಆ ಎಳೆತಕ್ಕೆ ಲಗಾಮು ಹಾಕಲು ಕೊಳವೆಯಲ್ಲೋ ಒಲೆಯ ಬಾಯಲ್ಲೋ ಒಂದು ತಗಡು. ಅದರ ಹೆಸರು ಡ್ಯಾಂಪರ್. ಈ ತಗಡನ್ನು ಎಷ್ಟು ಸರಿಸಬೇಕು ಎಂಬ ವಿಷಯದ ಮೇಲೆ ಪಿಎಚ್‌ಡಿಗಳಾಗಿವೆ, ಸಮ್ಮೇಳನಗಳಾಗಿವೆ, ವಿಮಾನ ಟಿಕೆಟ್ಟುಗಳಾಗಿವೆ.

ಈಗ ತಗಡಿಲ್ಲದ ಒಂದು ಒಲೆ ನೋಡಿ. ಕುಣಿಗಲ್ ಸೀಮೆಯ ಮನೆಯೊಂದರಲ್ಲಿ ರಾತ್ರಿಯ ಮುದ್ದೆ ಆಗಬೇಕು. ಎಸರು ಮರಳುವ ತನಕ ಭರ್ಜರಿ ಉರಿ. ಹಿಟ್ಟು ಸುರಿದ ಕೂಡಲೇ ಕೊಳ್ಳಿಗಳನ್ನು ಹಿಂದಕ್ಕೆಳೆದು ಕೆಂಡದ ಕಾವಿನಲ್ಲೇ ಬೇಯಲು ಬಿಡಬೇಕು. ಬಿಡದಿದ್ದರೆ ತಳ ಸೀಯುತ್ತದೆ, ನಡು ಹಸಿ ಉಳಿಯುತ್ತದೆ. ಆಮೇಲೆ ಕವೆಗೋಲಿನಲ್ಲಿ ಪಾತ್ರೆಯನ್ನು ಅದುಮಿ ಹಿಡಿದು ಹಿಟ್ಟಿನ ಕೋಲಿನಿಂದ ಮೈಮೇಲಿನ ಬೆವರಿಳಿಯುವಂತೆ ತೊಳಸಬೇಕು. ಅಷ್ಟರಲ್ಲಿ ಪಕ್ಕದ ಒಲೆಯ ಮೇಲಿರುವ ಸಾರಿಗೆ ಉರಿ ಸಾಲದು. ಒಂದು ಕೊಳ್ಳಿ ಒಳಗೆ ತಳ್ಳಿ ಊದುಗೊಳವೆಯಿಂದ ಎರಡು ಉಸಿರು. ಜಾಸ್ತಿಯಾಯಿತೇ, ಬೂದಿ ಎಳೆದು ಒಲೆಯ ಬಾಯಿಗೆ ಅಡ್ಡ ಕಟ್ಟು. ಬೆಂಕಿ ಚುರುಕಾಗಬೇಕಾದರೆ ಪುರಲೆ, ನಿಧಾನವಾಗಬೇಕಾದರೆ ದಪ್ಪ ಕುಂಟೆ, ಮಲಗುವ ಮುನ್ನ ಕೆಂಡದ ಮೇಲೆ ಬೂದಿಯ ಹೊದಿಕೆ. ಬಡಗಣದ ಕಡೆ ಹೋದರೆ ಜೋಳದ ರೊಟ್ಟಿಗೆ ಹಂಚಿನ ಕೆಳಗೆ ಒಂದು ಬಗೆಯ ಉರಿ, ಕೊನೆಗೆ ಉಬ್ಬಿಸಲು ಒಲೆಯ ಬಾಯಲ್ಲಿ ಹರಡಿದ ಕೆಂಡ; ಹಾಲು ಕೆನೆಗಟ್ಟಿ ಕೆಂಪಗಾಗಲು ಇಡೀ ಹಗಲು ಕುಳ್ಳಿನ ಮಂದ ಬೆಂಕಿ. ಎಂಜಿನಿಯರುಗಳು ಒಂದು ಒಲೆಯ ಗರಿಷ್ಠ ಉರಿಗೂ ಕನಿಷ್ಠ ಉರಿಗೂ ಇರುವ ಅಂತರವನ್ನು ಅಳೆದು ಅದಕ್ಕೊಂದು ಅನುಪಾತ ಬರೆಯುತ್ತಾರೆ. ಮೂರು ಕಲ್ಲು, ಒಂದು ಊದುಗೊಳವೆ, ಎರಡು ಕೈ ಸೇರಿ ಕೊಡುವ ಅನುಪಾತವನ್ನು ಕೊಡುವ ಯಂತ್ರ ಮಾಡಲು ಅವರಿಗೆ ಬ್ಯಾಟರಿ ಬೇಕಾಯಿತು. ಅದರ ಕಥೆ ಮುಂದೆ ಬರುತ್ತದೆ.

ಇಷ್ಟು ಹೇಳಿದ ಕೂಡಲೇ ‘ಅಹಾ, ನಮ್ಮ ಪೂರ್ವಿಕರ ಜ್ಞಾನ!’ ಎಂದು ಎದ್ದು ನಿಲ್ಲುವವರು ದಯವಿಟ್ಟು ಕೂತುಕೊಳ್ಳಿ. ಆ ಮೂರು ಕಲ್ಲಿನ ಒಲೆ ಸೌದೆಯ ನೂರು ಪಾಲು ಶಾಖದಲ್ಲಿ ಪಾತ್ರೆಗೆ ಮುಟ್ಟಿಸುವುದು ಹತ್ತೋ ಹದಿನೈದೋ ಪಾಲು. ಉಳಿದದ್ದು ಗೋಡೆಗೆ, ಗಾಳಿಗೆ, ಆಕೆಯ ಮುಖಕ್ಕೆ. ಹೊಗೆ ಆಕೆಯ ಶ್ವಾಸಕೋಶಕ್ಕೆ, ಬೆನ್ನಿಗೆ ಕಟ್ಟಿಕೊಂಡ ಮಗುವಿನ ಶ್ವಾಸಕೋಶಕ್ಕೆ. ಮನೆಯೊಳಗಿನ ಹೊಗೆಯಿಂದ 2020ರ ಒಂದೇ ವರ್ಷ ಜಗತ್ತಿನಲ್ಲಿ ಸತ್ತವರ ಸಂಖ್ಯೆಯನ್ನು ವಿಶ್ವ ಆರೋಗ್ಯ ಸಂಸ್ಥೆ 32 ಲಕ್ಷ ಎಂದು ಅಂದಾಜು ಮಾಡಿದೆ. ಹಾಗಾಗಿ ಒಲೆ ಬದಲಾಗಬೇಕು ಎಂದವರ ಮೇಲೆ ನನಗೆ ತಕರಾರಿಲ್ಲ. ತಕರಾರಿರುವುದು, ಬದಲಾಯಿಸಲು ಹೊರಟವರು ಗಾಳಿಯನ್ನು ಅಳೆದರು, ಸೌದೆಯನ್ನು ತೂಗಿದರು, ಆ ಎರಡು ಕೈಗಳನ್ನು ಮಾತ್ರ ಲೆಕ್ಕದಿಂದ ಕೈಬಿಟ್ಟರು ಎಂಬುದಕ್ಕೆ.

ಎಲ್ಲರೂ ಅಲ್ಲ. 1953ರಲ್ಲೇ ಹೈದರಾಬಾದ್ ಎಂಜಿನಿಯರಿಂಗ್ ಸಂಶೋಧನಾಲಯದ ಎಸ್.ಪಿ. ರಾಜು ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಿಕೆ ಬರೆದಿದ್ದರು. 1974ರಲ್ಲಿ ಅಮೂಲ್ಯ ರೆಡ್ಡಿಯವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಇವತ್ತಿಗೂ ಹಳೆಯ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಜಾಗದಲ್ಲಿ, ‘ಅಸ್ತ್ರ’ ಎಂಬ ತಂಡ ಕಟ್ಟಿದರು. ರಾಕೆಟ್ಟಿನ ಇಂಧನದ ಬಗ್ಗೆ ಪಾಠ ಮಾಡುವ ಕಟ್ಟಡಗಳ ನಡುವೆ ಕೂತು ಸೌದೆ, ಸಗಣಿ, ಮಣ್ಣಿನ ಇಟ್ಟಿಗೆಯ ಬಗ್ಗೆ ಯೋಚಿಸಿದ ಕೆಲವೇ ವಿಜ್ಞಾನಿಗಳು ಅವರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಬಿಡಾರ ಹೂಡಿದರು. ಸುತ್ತಲಿನ ಹಳ್ಳಿಗಳ ಮನೆಮನೆ ಹೊಕ್ಕು ಯಾರು ಎಷ್ಟು ಸೌದೆ ತರುತ್ತಾರೆ, ಎಷ್ಟು ಹೊತ್ತು ನಡೆಯುತ್ತಾರೆ ಎಂದು ಬರೆದುಕೊಂಡರು. ಎಂಬತ್ತರ ದಶಕದ ಆರಂಭದಲ್ಲಿ ಹೊರಬಂದ ಅಸ್ತ್ರ ಒಲೆಗೆ ಮೂರು ಪಾತ್ರೆ ಕೂರುವ ಮೂರು ಕಣ್ಣು, ಕೆಂಡದ ಕೆಳಗೆ ಗಾಳಿ ಬರಲು ಕಂಬಿಯ ಜಾಲರಿ, ಮುಚ್ಚಬಹುದಾದ ಬಾಯಿ, ಮಾಡಿನಾಚೆ ಹೊಗೆ ಬಿಡುವ ಕೊಳವೆ. ಬಾಯಿ ಮುಚ್ಚಿದ್ದರಿಂದ ಬೇಕಾದಷ್ಟೇ ಗಾಳಿ ಒಳಗೆ. ಸರಿಯಾಗಿ ಕಟ್ಟಿ ಸರಿಯಾಗಿ ಉರಿಸಿದರೆ ಮೂರು ಕಲ್ಲಿನ ಒಲೆಯ ಎರಡು ಮೂರು ಪಟ್ಟು ದಕ್ಷತೆ. ಒಳ್ಳೆಯ ಒಲೆ, ಅದರಲ್ಲಿ ಎರಡು ಮಾತಿಲ್ಲ.

ಒಳ್ಳೆಯದೆಂದು ದಿಲ್ಲಿಗೂ ಗೊತ್ತಾದದ್ದೇ ತೊಂದರೆಯಾಯಿತು. 1983ರಲ್ಲಿ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 2002ರಲ್ಲಿ ಮುಗಿಯುವ ಹೊತ್ತಿಗೆ ದೇಶದಲ್ಲಿ ಬಗೆಬಗೆಯ ಸುಮಾರು ಮೂರೂವರೆ ಕೋಟಿ ಸುಧಾರಿತ ಒಲೆಗಳಾಗಿದ್ದವು. ಕಾಗದದ ಮೇಲೆ ಎಂದು ನಾನು ಹೇಳುತ್ತಿಲ್ಲ, ಎಷ್ಟೋ ನೆಲದ ಮೇಲೂ ಇದ್ದವು. ಆದರೆ ಒಲೆಗೆ ಗುರಿ ಕೊಟ್ಟ ಮೇಲೆ ಒಲೆಯ ಜೀವಶಾಸ್ತ್ರವೇ ಬದಲಾಗುತ್ತದೆ. ಏಪ್ರಿಲ್‌ನಿಂದ ಜನವರಿಯವರೆಗೆ ಮೊಟ್ಟೆಯಾಗಿದ್ದು ಮಾರ್ಚಿನ ಕೊನೆಯ ವಾರದಲ್ಲಿ ಒಂದೇ ಸಲ ಮರಿಯಾಗುತ್ತವೆ. ಕಟ್ಟುವವರಿಗೆ ಒಲೆಗಿಷ್ಟು ಎಂದು ಕೂಲಿ. ಒಲೆ ಎಷ್ಟು ವರ್ಷ ಉರಿಯಿತು ಎಂದು ಕೂಲಿಯಲ್ಲ. ಜಾಲರಿಗೂ ಪಾತ್ರೆಯ ತಳಕ್ಕೂ ಇರಬೇಕಾದ ಅಂತರ, ಒಳಗಿನ ಸುರಂಗದ ಅಗಲ, ಕೊಳವೆಯ ಎತ್ತರ ಇವೆಲ್ಲ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆದು ಮಾಡಿದ ವಿನ್ಯಾಸ. ಸ್ಕೇಲು ತಾಲ್ಲೂಕು ಕಚೇರಿಯಲ್ಲಿ ಉಳಿಯಿತು, ಅಳತೆ ಕಟ್ಟುವವರ ಗೇಣಿಗೆ ಇಳಿಯಿತು. ಗೇಣು ಒಬ್ಬೊಬ್ಬರದು ಒಂದೊಂದು.

ಆಮೇಲೆ ನಡೆದದ್ದನ್ನು ಊಹಿಸಲು ವಿಜ್ಞಾನಿಯಾಗಬೇಕಿಲ್ಲ. ಒಲೆಯ ಬಾಯಿ ಚಿಕ್ಕದು, ಮನೆಯಲ್ಲಿರುವ ಸೌದೆ ಉದ್ದದ್ದು. ಚಿಕ್ಕದಾಗಿ ಸೀಳಬೇಕು ಎಂದು ಸೂಚನಾಪತ್ರ ಹೇಳುತ್ತದೆ. ಸೀಳುವವರು ಯಾರು ಎಂದು ಹೇಳುವುದಿಲ್ಲ. ಕೊಡಲಿ ಹಿಡಿಯುವ ಗಂಡ ಹೊಲದಲ್ಲಿರುತ್ತಾನೆ, ಇಲ್ಲವೇ ಅರಳಿಕಟ್ಟೆಯಲ್ಲಿ ದೇಶದ ಇಂಧನ ನೀತಿ ಚರ್ಚಿಸುತ್ತಿರುತ್ತಾನೆ. ಆಕೆ ಗುದ್ದಲಿಯ ಹಿಂಬದಿಯಿಂದ ಒಲೆಯ ಬಾಯನ್ನೇ ಅಗಲ ಮಾಡಿದಳು. ಅಲ್ಲಿಗೆ ಗಾಳಿಯ ನಿಯಂತ್ರಣ ಸಮಾಪ್ತಿ. ಮೂರು ಕಣ್ಣಿಗೂ ಅಳತೆಗೆ ಸರಿಯಾದ ತಳದ ಪಾತ್ರೆಗಳು ಕೂರಬೇಕು, ಇಲ್ಲದಿದ್ದರೆ ಸಂದಿನಿಂದ ಗಾಳಿಯೂ ಹೊಗೆಯೂ ನುಗ್ಗುತ್ತವೆ. ಆಕೆಯ ಪಾತ್ರೆಗಳು ಮದುವೆಯಲ್ಲಿ ಬಂದವು, ಬೀಗರು ಇಲಾಖೆಯ ಅಳತೆ ಕೇಳಿರಲಿಲ್ಲ. ಕೊಳವೆಯಲ್ಲಿ ಮಸಿ ಕಟ್ಟಿಕೊಂಡರೆ ಎಳೆತ ನಿಲ್ಲುತ್ತದೆ, ಹೊಗೆ ಹಿಂದಕ್ಕೆ ಬರುತ್ತದೆ. ಮಾಡು ಹತ್ತಿ ಮಸಿ ಕೊಡವುವವರ ಹುದ್ದೆ ಯಾವ ಯೋಜನೆಯಲ್ಲೂ ಮಂಜೂರಾಗಿರಲಿಲ್ಲ. ಎಷ್ಟೋ ಕಡೆ ಕೊಳವೆ ಹೆಂಚಿನ ಕೆಳಗೇ ನಿಂತುಹೋಯಿತು. ಮಳೆ ಬಂದರೆ ಸೋರುತ್ತದಲ್ಲ! ಹೀಗೆ ಹೊಗೆಯನ್ನು ಮುಖದಿಂದ ಎತ್ತಿ ಗೌರವದಿಂದ ಅಟ್ಟಕ್ಕೆ ಕಳಿಸಲಾಯಿತು. ಡ್ಯಾಂಪರ್ ತಗಡು ಎಲ್ಲಿ ಹೋಯಿತು? ಇಲಿ ಬರುವ ಬಿಲದ ಬಾಯಿಗೆ ಅದು ಹೇಳಿ ಮಾಡಿಸಿದಂತಿತ್ತು.

ಇದನ್ನೆಲ್ಲ ನೋಡಿ ತಜ್ಞರು ಒಂದು ತೀರ್ಮಾನಕ್ಕೆ ಬಂದರು. ಒಲೆಯಲ್ಲಿ ದೋಷವಿಲ್ಲ, ಬಳಸುವವರಲ್ಲಿದೆ. ಪ್ರಯೋಗಾಲಯದಲ್ಲಿ ಇದೇ ಒಲೆ ಎಷ್ಟು ಸೊಗಸಾಗಿ ಉರಿಯುತ್ತಿತ್ತು!

ಪ್ರಯೋಗಾಲಯದಲ್ಲಿ ಏನು ಬೇಯುತ್ತಿತ್ತು ಎಂದು ಕೇಳಬೇಕು. ನೀರು. ಒಲೆಗಳನ್ನು ಅಳೆಯಲು ಜಗತ್ತು ದಶಕಗಟ್ಟಲೆ ನೆಚ್ಚಿಕೊಂಡ ಪರೀಕ್ಷೆಯ ಹೆಸರೇ ನೀರು ಕುದಿಸುವ ಪರೀಕ್ಷೆ. ಸಾಮಾನ್ಯವಾಗಿ ಐದು ಲೀಟರ್ ನೀರನ್ನು ತಣ್ಣನೆಯ ಒಲೆಯ ಮೇಲೆ ಕುದಿಸುತ್ತಾರೆ, ಒಲೆ ಕಾದ ಮೇಲೆ ಮತ್ತೊಮ್ಮೆ ಕುದಿಸುತ್ತಾರೆ, ಆಮೇಲೆ 45 ನಿಮಿಷ ಕುದಿಬಿಂದುವಿನ ತುಸು ಕೆಳಗೆ ಹಿಡಿದಿಡುತ್ತಾರೆ. ಅಳತೆಗೆ ಕತ್ತರಿಸಿದ, ಒಂದೇ ತೇವಾಂಶದ ಸೌದೆ. ಸೌದೆ ತೂಗಲು ತಕ್ಕಡಿ, ಉಷ್ಣಾಂಶಕ್ಕೆ ಮಾಪಕ, ಉರಿ ನೋಡಿಕೊಳ್ಳಲು ಬೇರೆ ಕೆಲಸವೇ ಇಲ್ಲದ ಒಬ್ಬ ಸಂಶೋಧನಾ ವಿದ್ಯಾರ್ಥಿ. ಆತನ ಸೊಂಟದ ಮೇಲೆ ಮಗುವಿಲ್ಲ, ಕೊಟ್ಟಿಗೆಯಲ್ಲಿ ಕರು ಕೂಗುತ್ತಿಲ್ಲ, ‘ಇನ್ನೂ ಎಷ್ಟೊತ್ತೇ?’ ಎನ್ನುವ ಅತ್ತೆಯಿಲ್ಲ. ಪರೀಕ್ಷೆ ಮುಗಿದ ಮೇಲೆ ಆ ನೀರನ್ನು ಚೆಲ್ಲುತ್ತಾರೆ. ಬಿಸಿನೀರನ್ನೇ ಉಂಡು ಏಳುವ ಜನಾಂಗವೊಂದು ಎಲ್ಲಾದರೂ ಇದ್ದರೆ ಆ ಒಲೆಗಳು ಅವರ ಪಾಲಿಗೆ ವರವೇ ಸರಿ. ಮುದ್ದೆ ತೊಳಸುವ ರಟ್ಟೆಯ ಬಲಕ್ಕೆ ಹೊತ್ತೊಯ್ಯಬಹುದಾದ ಎಷ್ಟೋ ಒಲೆಗಳು ಪಾತ್ರೆಯ ಸಮೇತ ಮಗುಚಿಕೊಳ್ಳುತ್ತವೆ ಎಂಬ ಸಂಗತಿ ನೀರು ಕುದಿಸಿ ತಿಳಿಯುವುದಲ್ಲ.

ಈ ಶತಮಾನದ ಆರಂಭದಲ್ಲಿ ಕಂಪನಿಗಳಿಗೂ ಒಲೆಯ ಮೇಲೆ ಪ್ರೀತಿ ಹುಟ್ಟಿತು. ಬ್ರಿಟಿಷ್ ಪೆಟ್ರೋಲಿಯಂ ಎಂಬ ತೈಲ ದೊರೆ ಅದೇ ಟಾಟಾ ಇನ್‌ಸ್ಟಿಟ್ಯೂಟಿನ ದಹನ ವಿಜ್ಞಾನಿಗಳ ಜೊತೆ ಸೇರಿ ‘ಊರ್ಜಾ’ ಒಲೆ ತಂದಿತು. ನಿಜ ಹೇಳಬೇಕೆಂದರೆ ಗಾಳಿಯ ನಿಯಂತ್ರಣದಲ್ಲಿ ಇದಕ್ಕಿಂತ ಚೆಂದದ ಕೆಲಸ ನಮ್ಮಲ್ಲಿ ಕಡಿಮೆ. ಕೆಳಗೊಂದು ಪುಟ್ಟ ಬ್ಯಾಟರಿ ಫ್ಯಾನು. ಅದರ ಗಾಳಿಯಲ್ಲಿ ಸ್ವಲ್ಪ ಪಾಲು ತಳದಿಂದ ಹೋಗಿ ಇಂಧನವನ್ನು ಅನಿಲವಾಗಿಸುತ್ತದೆ, ಹೆಚ್ಚಿನ ಪಾಲು ಮೇಲಿನ ತೂತುಗಳಿಂದ ಬಂದು ಆ ಅನಿಲವನ್ನು ಹೊಗೆಯಿಲ್ಲದೆ ಉರಿಸುತ್ತದೆ. ಫ್ಯಾನಿನ ಗುಂಡಿ ತಿರುಗಿಸಿದರೆ ಉರಿ ಏರುತ್ತದೆ, ಇಳಿಸಿದರೆ ಇಳಿಯುತ್ತದೆ. ದಕ್ಷತೆ ಪ್ರಯೋಗಾಲಯದಲ್ಲಿ ನೂರಕ್ಕೆ 50ರ ಆಸುಪಾಸು. ಇಷ್ಟೇ ಷರತ್ತು: ಇದಕ್ಕೆ ಬೇಲಿಯ ಪುರಲೆ ಸಲ್ಲ, ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಪೆಲೆಟ್ ಬೇಕು, ಅದನ್ನು ಅಂಗಡಿಯಿಂದ ಕೊಳ್ಳಬೇಕು. ಒಂದು ಸಲ ತುಂಬಿ ಹೊತ್ತಿಸಿದರೆ ಸುಮಾರು ಒಂದು ಗಂಟೆ ಉರಿದು ಮುಗಿಯುತ್ತದೆ. ನಡುವೆ ನೆಂಟರು ಬಂದರೆ ‘ಮುಂದಿನ ಸುತ್ತಿಗೆ ಕಾಯಿರಿ’ ಎನ್ನಬೇಕು. ಕರ್ನಾಟಕವೂ ಸೇರಿ ಕೆಲವು ರಾಜ್ಯಗಳಲ್ಲಿ ಸುಮಾರು ನಾಲ್ಕು ಲಕ್ಷ ಒಲೆ ಮಾರಾಟವಾದವು. ತೈಲ ಕಂಪನಿ ಕೈ ತೊಳೆದುಕೊಂಡು ಹೋಯಿತು, ಪೆಲೆಟ್‌ನ ಬೆಲೆ ಏರಿತು. ಒಕ್ಕಣೆಯ ಕಣದಲ್ಲಿ ಬಿಟ್ಟಿ ಬಿದ್ದಿದ್ದ ಕಡಲೆಕಾಯಿ ಸಿಪ್ಪೆ ಗಾಡಿ ಹತ್ತಿ ಕಾರ್ಖಾನೆಗೆ ಹೋಗಿ ಪೆಲೆಟ್ಟಾಗಿ ಕೆಜಿ ಲೆಕ್ಕದಲ್ಲಿ ಅದೇ ಊರಿಗೆ ಬಂದರೆ ಅದನ್ನು ಕೊಳ್ಳದ ಹೆಂಗಸಿಗೆ ಅರಿವಿನ ಕೊರತೆ ಇದೆ ಎಂದೇ ಹೇಳಬೇಕಾಗುತ್ತದೆ.

ಇನ್ನು ಅಮೆರಿಕದವರು. 2010ರ ಸೆಪ್ಟೆಂಬರಿನಲ್ಲಿ ಹಿಲರಿ ಕ್ಲಿಂಟನ್ ನ್ಯೂಯಾರ್ಕಿನಲ್ಲಿ ಸ್ವಚ್ಛ ಒಲೆಗಳ ಜಾಗತಿಕ ಒಕ್ಕೂಟ ಘೋಷಿಸಿದರು. 2020ರೊಳಗೆ ಹತ್ತು ಕೋಟಿ ಮನೆಗಳಿಗೆ ಒಲೆ ಎಂಬ ಗುರಿ. ಮರುವರ್ಷ ಹಾಲಿವುಡ್ ತಾರೆ ಜೂಲಿಯಾ ರಾಬರ್ಟ್ಸ್ ಒಲೆಯ ಜಾಗತಿಕ ರಾಯಭಾರಿಯಾದರು. ಒಲೆಗೂ ರಾಯಭಾರಿ ಬೇಕೇ ಎಂದು ನಗಬೇಡಿ. ಅಡುಗೆಮನೆಗೂ ಜಗತ್ತಿಗೂ ರಾಜತಾಂತ್ರಿಕ ಸಂಬಂಧ ಅದಕ್ಕೆ ಮೊದಲು ಇರಲೇ ಇಲ್ಲ. 2012ರಲ್ಲಿ ಎಸ್ತರ್ ಡುಫ್ಲೊ, ಮೈಕೆಲ್ ಗ್ರೀನ್‌ಸ್ಟೋನ್, ರೆಮಾ ಹಾನಾ ಎಂಬ ಅರ್ಥಶಾಸ್ತ್ರಜ್ಞರು ಒಡಿಶಾದಲ್ಲಿ ಸುಮಾರು 2,600 ಮನೆಗಳನ್ನು ನಾಲ್ಕು ವರ್ಷದವರೆಗೆ ಹಿಂಬಾಲಿಸಿದ ಅಧ್ಯಯನವನ್ನು ಹೊರತಂದರು. ಕೊಳವೆಯಿರುವ ಸುಧಾರಿತ ಒಲೆ ಕೊಟ್ಟ ಮೊದಲ ವರ್ಷ ಹೆಂಗಸರ ಉಸಿರಿಗೆ ಹೋಗುವ ಹೊಗೆ ಇಳಿಯಿತು. ಆಮೇಲೆ ಇಳಿಯಲಿಲ್ಲ. ಆರೋಗ್ಯದಲ್ಲಿ, ಸೌದೆಯ ಖರ್ಚಿನಲ್ಲಿ ಫರಕು ಕಾಣಲಿಲ್ಲ. ಒಲೆಯನ್ನು ಸದಾ ಬಳಸಿರಲಿಲ್ಲ, ರಿಪೇರಿ ಮಾಡಿಸಿರಲಿಲ್ಲ. ಡುಫ್ಲೊ ಅವರಿಗೆ 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಬಂತು, ಇದೊಂದೇ ಅಧ್ಯಯನಕ್ಕಲ್ಲ. ಸೊಸೆಗೆ ಹೊಸ ಒಲೆ ತಂದುಕೊಟ್ಟು ಆರು ತಿಂಗಳಾದ ಮೇಲೆ ಅದರ ಮೇಲೆ ಈರುಳ್ಳಿ ಬುಟ್ಟಿ ಕಂಡ ಅತ್ತೆಯರಿಗೆ ಈ ಫಲಿತಾಂಶ ಹೊಸದಲ್ಲ. ಅವರು ಅದನ್ನು ಇಂಗ್ಲಿಷಿನಲ್ಲಿ ಬರೆಯದೆ ಕೆಟ್ಟರು.

ಒಲೆ ಉರಿಯದಿದ್ದರೂ ಲಾಭ ಮಾಡಬಹುದು ಎಂದು ಕಂಡುಹಿಡಿದವರು ಕಾರ್ಬನ್ ವ್ಯಾಪಾರಿಗಳು. ಮನೆಗೊಂದು ತಗಡಿನ ಒಲೆ ಹಂಚುವುದು, ಅದರಿಂದ ಇಷ್ಟು ಸೌದೆ ಉಳಿಯಿತು ಎಂದು ಲೆಕ್ಕ ಹಾಕುವುದು, ಉಳಿದ ಸೌದೆಯಿಂದ ಹೊರಬರದೇ ಹೋದ ಹೊಗೆಯನ್ನು ದೂರದ ಯಾವುದೋ ವಿಮಾನ ಕಂಪನಿಗೆ ಪ್ರಮಾಣಪತ್ರದ ರೂಪದಲ್ಲಿ ಮಾರುವುದು. ಅಲ್ಲಿನ ಪ್ರಯಾಣಿಕ ಆ ಪತ್ರ ಕೊಂಡು ನಿರಾಳವಾಗಿ ಹಾರುತ್ತಾನೆ. ಹೊಸ ಒಲೆ ಬಂದ ದಿನದಿಂದ ಹಳೆಯ ಒಲೆಯನ್ನು ಹೆಚ್ಚಿನವರು ಮುಟ್ಟುವುದಿಲ್ಲ ಎಂಬಂಥ ಊಹೆಗಳು ಈ ಲೆಕ್ಕದ ಅಡಿಪಾಯ. 2024ರ ಜನವರಿಯಲ್ಲಿ ಬರ್ಕ್ಲಿಯ ಸಂಶೋಧಕರು ಇಂಥ ಯೋಜನೆಗಳ ಒಂದು ಗುಂಪನ್ನು ಪರಿಶೀಲಿಸಿ, ನಿಜಕ್ಕೂ ಉಳಿದದ್ದರ 9.2 ಪಟ್ಟು ಪತ್ರಗಳು ಹೊರಬಿದ್ದಿವೆ ಎಂದು ಪ್ರಕಟಿಸಿದರು. ಗಾಳಿಯನ್ನು ಮಾರಿ ಬದುಕುವ ಕಲೆ ಸೈಕಲ್ ಅಂಗಡಿಯವರಿಗೆ ಮಾತ್ರ ಗೊತ್ತು ಎಂದುಕೊಂಡಿದ್ದೆವು. ಅವರಾದರೂ ಟ್ಯೂಬಿನಲ್ಲಿ ಹಿಡಿಯುವಷ್ಟೇ ತುಂಬುತ್ತಾರೆ.

ಹಾಗಾದರೆ ಸೌದೆ ಒಲೆಯ ಗಾಳಿಯನ್ನು ಎಲ್ಲೂ ಯಾರೂ ಹಿಡಿತಕ್ಕೆ ತಂದಿಲ್ಲವೇ? ತಂದಿದ್ದಾರೆ. ಮಂಡ್ಯದ ಆಲೆಮನೆಗೆ ಹೋಗಿ. ಕೊಪ್ಪರಿಗೆಯ ಕೆಳಗಿನ ಒಲೆಗೆ ಒಣ ಕಬ್ಬಿನ ಸಿಪ್ಪೆ ತಳ್ಳುವವನು ಬರೀ ಉರಿ ನೋಡುತ್ತಾನೆ. ಮೇಲಿರುವವನು ಪಾಕದ ನೊರೆ ನೋಡಿ ಕೂಗಿದ ಕ್ಷಣ ಉರಿ ತಗ್ಗಬೇಕು. ಅರೆಗಳಿಗೆ ತಡವಾದರೆ ಬೆಲ್ಲ ಕಪ್ಪು, ರೇಟು ಪಾತಾಳ. ಪಾಕ ನೋಡುವವನಿಗೆ ಮರ್ಯಾದೆಯಿದೆ, ಬೇರೆ ಕೂಲಿಯಿದೆ, ಮುನಿಸಿಕೊಂಡರೆ ಮನೆಗೆ ಹೋಗಿ ಕರೆತರುವವರಿದ್ದಾರೆ. ಮಲೆನಾಡಿನಲ್ಲಿ ಅಡಿಕೆ ಬೇಯಿಸುವ ಒಲೆ, ರೇಷ್ಮೆ ನೂಲು ಬಿಚ್ಚಣಿಕೆಯ ಒಲೆ, ಹೋಟೆಲಿನ ಒಲೆ ಇವುಗಳಿಗೆಲ್ಲ ಬೆಂಗಳೂರಿನ ಟೈಡ್ ಸಂಸ್ಥೆಯವರು ಹೊಸ ವಿನ್ಯಾಸ ಕೊಟ್ಟರು. ಅಸ್ತ್ರ ಒಲೆಯ ಕೆಲಸದಲ್ಲಿದ್ದ ಅನುಭವವೇ ಅಲ್ಲಿಗೆ ಹರಿದು ಬಂತು. ಅದೇ ಜಾಲರಿ, ಅದೇ ಕೊಳವೆ, ಅದೇ ತಗಡು. ಅಲ್ಲಿ ತಗಡು ಇಲಿಬಿಲಕ್ಕೆ ಹೋಗುವುದಿಲ್ಲ, ಏಕೆಂದರೆ ಅಲ್ಲಿ ಲೋಡುಗಟ್ಟಲೆ ಸೌದೆಗೆ ಬಿಲ್ಲು ಬರುತ್ತದೆ. ಬಿಲ್ಲು ಕೊಡುವವರು ಗಂಡಸರು. ಅವರಿಗೆ ಕೊಳವೆ ಗುಡಿಸಲು ಆಳು ಸಿಗುತ್ತದೆ. ಮನೆಯೊಳಗಿನ ಸೌದೆಗೆ ಬಿಲ್ಲಿಲ್ಲ. ಆಕೆ ನಡೆದದ್ದು, ಹೊತ್ತದ್ದು, ಊದಿದ್ದು, ಕೆಮ್ಮಿದ್ದು ಯಾವ ಖಾತೆಯ ಪುಸ್ತಕಕ್ಕೂ ಏರುವುದಿಲ್ಲ. ಖರ್ಚೇ ಇಲ್ಲದ ಕಡೆ ಉಳಿತಾಯ ಮಾಡಿಸುತ್ತೇವೆ ಎಂದು ಹೊರಟ ಯೋಜನೆಗೆ ಮನೆಯ ಯಜಮಾನ ಏಕೆ ತಲೆಕೆಡಿಸಿಕೊಳ್ಳಬೇಕು? ಆಲೆಮನೆಯಲ್ಲಿ ಪಾಕದವನ ಕೈಗೆ ಕುಶಲ ಕಾರ್ಮಿಕ ಎಂದು ಹೆಸರು. ಅದೇ ಕೆಲಸವನ್ನು ದಿನಕ್ಕೆ ಮೂರು ಹೊತ್ತು ಮಾಡುವವಳ ಗಂಡನನ್ನು ಕೇಳಿ ನೋಡಿ: ‘ನಮ್ಮನೆಯೋರಾ? ಅವ್ರಿಗೇನ್ ಕೆಲ್ಸ ಸಾರ್, ಮನೇಲೇ ಇರ್ತಾರೆ.’

2016ರ ಮೇ 1ರಂದು ಬಲ್ಲಿಯಾದಲ್ಲಿ ಅಡುಗೆ ಗ್ಯಾಸಿನ ಉಜ್ವಲಾ ಯೋಜನೆ ಶುರುವಾದ ಮೇಲೆ ಈ ವಾದವೆಲ್ಲ ಮುಗಿಯಬೇಕಿತ್ತು. ಗ್ಯಾಸು ಬಂದರೆ ಊದುವಂತಿಲ್ಲ, ಎಳೆಯುವಂತಿಲ್ಲ. ಕಿವಿ ಹಿಂಡಿದ ಹಾಗೆ ಗುಂಡಿ ತಿರುವಿದರಾಯಿತು. ನಿಜಕ್ಕೂ ಒಳ್ಳೆಯ ಕೆಲಸ, ಕೋಟಿಗಟ್ಟಲೆ ಮನೆಗಳಿಗೆ ಸಿಲಿಂಡರ್ ಬಂತು. ಅದರ ಜೊತೆ ಬಂದದ್ದು ಸಿಲಿಂಡರಿನ ಬೆಲೆ. 2019ರ ಸಿಎಜಿ ವರದಿ 3.18 ಕೋಟಿ ಉಜ್ವಲಾ ಗ್ರಾಹಕರ ಲೆಕ್ಕ ತೆಗೆದು, ವರ್ಷಕ್ಕೆ ಸರಾಸರಿ 3.21 ಸಲ ಮಾತ್ರ ಸಿಲಿಂಡರ್ ತುಂಬಿಸಿದ್ದಾರೆ ಎಂದಿತು. 14.2 ಕೆಜಿಯ ಒಂದು ಸಿಲಿಂಡರ್ ಮೂರೂವರೆ ತಿಂಗಳಿಗೂ ಹೆಚ್ಚು ಬಂತೆಂದಾಯಿತು. ಇಷ್ಟು ಮಿತವ್ಯಯದ ಒಲೆಯನ್ನು ಯಾವ ಪ್ರಯೋಗಾಲಯವೂ ಮಾಡಿಲ್ಲ. ಉಳಿದ ದಿನ ಏನು ಉರಿಯಿತು ಎಂದು ಅಡುಗೆಮನೆಯ ಗೋಡೆಯ ಮಸಿ ಹೇಳುತ್ತದೆ.

ಹಳ್ಳಿಯ ಒಲೆಯಿಂದ ಹೊಗೆ ಓಡಿಸುವ ಈ ಮಹಾಯಜ್ಞ ನಡೆದಿರುವಾಗಲೇ ಬೆಂಗಳೂರಿನಲ್ಲಿ ಹೊಗೆಗೆ ಬೇರೆ ದರ ಶುರುವಾಗಿದೆ. ‘ಸೌದೆ ಒಲೆಯ ಊಟ’ ಎಂಬ ಬೋರ್ಡು ಹಾಕಿದರೆ ಮುದ್ದೆಯ ಬೆಲೆ ಏರುತ್ತದೆ. ಹೊಸಕೋಟೆಯ ಸೌದೆ ಒಲೆ ಬಿರಿಯಾನಿಗೆ ಐಟಿ ಜನ ಕೋಳಿ ಕೂಗುವ ಮೊದಲೇ ಕಾರು ಹತ್ತುತ್ತಾರೆ. ವಾರಾಂತ್ಯದ ರೆಸಾರ್ಟುಗಳಲ್ಲಿ ಒಂದು ಒಲೆ ಕಟ್ಟಿಸಿ ಪಕ್ಕದಲ್ಲಿ ಊದುಗೊಳವೆ ನೇತುಹಾಕಿ ಅತಿಥಿಗಳಿಗೆ ಊದಲು ಕೊಡುತ್ತಾರೆ. ಅತಿಥಿ ಒಮ್ಮೆ ಊದುತ್ತಾನೆ, ಬೂದಿ ಮುಖಕ್ಕೆ ಹಾರುತ್ತದೆ, ಎಲ್ಲರೂ ನಗುತ್ತಾರೆ, ಫೋಟೋ ಆಗುತ್ತದೆ. ಆಮೇಲೆ ಆತ ‘ಆ ರುಚಿಯೇ ಬೇರೆ, ಈಗಿನ ಗ್ಯಾಸಿನಲ್ಲಿ ಎಲ್ಲಿದೆ’ ಎಂದು ನಿಟ್ಟುಸಿರು ಬಿಟ್ಟು ನೆರಳಿನ ಕುರ್ಚಿಗೆ ಮರಳುತ್ತಾನೆ. ರುಚಿಯ ಬಗ್ಗೆ ಇಷ್ಟು ಖಚಿತವಾಗಿ ಮಾತಾಡುವವರ ಅಜ್ಜಿಯರಿಗೆ ಅರವತ್ತಕ್ಕೇ ಏಕೆ ಉಬ್ಬಸ ಬಂದಿತ್ತು ಎಂದು ಕೇಳುವುದು ಅಸಭ್ಯತೆಯಾಗುತ್ತದೆ, ಬಿಲ್ಲಿನ ಹೊತ್ತಲ್ಲಿ ಬೇಡ.

ಸದ್ಯ ಸಾಮಾನ್ಯ ಹಳ್ಳಿಮನೆಯಲ್ಲಿ ಇರುವ ವ್ಯವಸ್ಥೆ ಇದು. ನೆಂಟರು ಬಂದಾಗಿನ ಕಾಫಿಗೆ, ಮಳೆಗಾಲದ ಬೆಳಗಿಗೆ ಗ್ಯಾಸು. ಮುದ್ದೆಗೆ ಮಣ್ಣಿನ ಒಲೆ. ಸ್ನಾನದ ನೀರಿಗೆ ಬಚ್ಚಲ ಒಲೆ, ಅದರಲ್ಲಿ ತೆಂಗಿನ ಗರಿಯಿಂದ ಹಿಡಿದು ಮಗನ ಹಳೆಯ ನೋಟ್‌ಬುಕ್ಕಿನವರೆಗೆ ಎಲ್ಲವೂ ಉರಿಯುತ್ತದೆ. ಯೋಜನೆಯಲ್ಲಿ ಬಂದ ಒಲೆಯಲ್ಲಿ ಕೋಳಿ ಕಾವಿಗೆ ಕೂತಿದೆ. ಗಾಳಿ ಅಲ್ಲಿ ಹಿತಮಿತವಾಗಿ ಆಡುತ್ತದೆ ಎಂದು ಕೋಳಿಯ ಅಭಿಪ್ರಾಯ. ಯಾವ ಹೊತ್ತಿಗೆ ಯಾವ ಒಲೆ, ಎಷ್ಟು ಉರಿ, ತಿಂಗಳ ಕೊನೆಗೆ ಸಿಲಿಂಡರಿನಲ್ಲಿ ಎಷ್ಟು ಉಳಿಯಬೇಕು ಎಂದು ಒಬ್ಬಳೇ ತೂಗಿಸುತ್ತಾಳೆ. ನಮ್ಮ ರಾಷ್ಟ್ರೀಯ ಸಮೀಕ್ಷೆಗಳು ಈ ಇಡೀ ವ್ಯವಹಾರವನ್ನು ಒಂದು ಪ್ರಶ್ನೆಗೆ ಇಳಿಸಿವೆ: ಅಡುಗೆಗೆ ಮುಖ್ಯವಾಗಿ ಬಳಸುವ ಇಂಧನ ಯಾವುದು? ಆ ಒಂದು ಉತ್ತರದಿಂದಲೇ 2019–21ರ ಆರೋಗ್ಯ ಸಮೀಕ್ಷೆ ದೇಶದ ನೂರಕ್ಕೆ 58.6 ಮನೆಗಳು ಸ್ವಚ್ಛ ಇಂಧನದಲ್ಲಿವೆ ಎಂದು ದಶಮಾಂಶದ ನಿಖರತೆಯಲ್ಲಿ ತಿಳಿಸಿತು.

ಟ್ಯಾಬ್ ಹಿಡಿದ ಹುಡುಗನೊಬ್ಬ ಜಗಲಿಯಲ್ಲಿ ಕೂತು ಈ ಪ್ರಶ್ನೆ ಕೇಳಿದ ಎಂದುಕೊಳ್ಳಿ.

‘ಅಮ್ಮಾ, ಅಡಿಗೆಗೆ ಮುಖ್ಯವಾಗಿ ಏನ್ ಉರಿಸ್ತೀರ?’

‘ಯಾವೊತ್ತಿಂದು ಹೇಳ್ಲಪ್ಪ? ಬೆಳಗ್ಗೇದೋ, ರಾತ್ರಿದೋ?’

‘ಒಂದೇ ಹೇಳ್ಬೇಕಮ್ಮ. ಇದ್ರಲ್ಲಿ ಒಂದೇ ಒತ್ತಕ್ಕೆ ಬರೋದು.’

‘ಅಂಗಾರೆ ಗ್ಯಾಸೇ ಒತ್ಕಳಪ್ಪ. ಸೌದೆ ಅಂದ್ರೆ ಮತ್ತೆ ಇನ್ನೊಂದು ಒಲೆ ತಂದ್ಬಿಟ್ಟಾರು. ಮಡಗಕ್ಕೆ ಜಾಗ ಇಲ್ಲ.’